ಬ್ರೂಕ್ಸ್ ಮಹಾಶಯರು

ತಾವು ನಡೆಸಿದ ಕಾರ್ಯವು ವಿಳಂಬವಾಯಿತು, ವೆಚ್ಚವು ಅಂದಾಜನ್ನು ಮೀರಿತು ಎಂಬುದನ್ನು ಮುಚ್ಚಿಡದೆ, ಅದನ್ನೇ ವಸ್ತುವಾಗಿಟ್ಟುಕೊಂಡು ಗ್ರಂಥ ರಚಿಸಿ, ಆ ಗ್ರಂಥದಿಂದಲೇ ಲೋಕವಿಖ್ಯಾತರಾದ ಅಧಿಕಾರಿಗಳು ನಾನು ಬಲ್ಲಮಟ್ಟಿಗೆ ಒಬ್ಬರೇ. ಅವರು 2022ರ ನವೆಂಬರ್ 17ರಂದು, ಅಮೆರಿಕದ ಉತ್ತರ ಕೆರೊಲೈನಾದ ಚಾಪೆಲ್ ಹಿಲ್ ಎಂಬ ಊರಿನಲ್ಲಿ, ತಮ್ಮ 91ನೆಯ ವಯಸ್ಸಿನಲ್ಲಿ ತೀರಿಕೊಂಡ ಫ್ರೆಡರಿಕ್ ಬ್ರೂಕ್ಸ್. ನಾನು ಅವರನ್ನು ಕಂಡವನಲ್ಲ. ಆದರೂ ಗಣಕಯಂತ್ರದ ಮುಂದೆ ಕುಳಿತು ಅನ್ನ ಸಂಪಾದಿಸಿದ ನನ್ನಂಥವರಿಗೆ ಅವರು, ಊರಿನಿಂದ ಬಂದು ಎರಡು ಬುದ್ಧಿಮಾತು ಹೇಳಿಹೋಗುವ ದೊಡ್ಡಪ್ಪನಂತೆ, ಗದರುವ ಅಧಿಕಾರವುಳ್ಳ ಹಿರಿಯರಾಗಿದ್ದರು.

ಹದಿಮೂರನೆಯ ವಯಸ್ಸಿನಲ್ಲಿ, 1944ರಲ್ಲಿ, ಹಾರ್ವರ್ಡ್‌ನ ಮಾರ್ಕ್-1 ಯಂತ್ರದ ವರ್ತಮಾನವನ್ನು ಪತ್ರಿಕೆಯೊಂದರಲ್ಲಿ ಓದಿ ಮರುಳಾದ ಇವರು, ಮುಂದೆ ಆ ಯಂತ್ರದ ನಿರ್ಮಾತೃವಾದ ಹೊವಾರ್ಡ್ ಐಕೆನ್ ಅವರ ಶಿಷ್ಯರಾಗಿಯೇ 1956ರಲ್ಲಿ ಡಾಕ್ಟರೇಟ್ ಪಡೆದು ಐಬಿಎಂ ಸಂಸ್ಥೆಯನ್ನು ಸೇರಿದರು. 1964ರ ಏಪ್ರಿಲ್ 7ರಂದು ಪ್ರಕಟವಾದ ಸಿಸ್ಟಮ್/360 ಎಂಬ ಗಣಕಕುಲದ ನಿರ್ಮಾಣವು ಅವರ ಮೇಲ್ವಿಚಾರಣೆಯಲ್ಲಿ ನಡೆಯಿತು. ಅಲ್ಲಿಯವರೆಗೆ ಅಕ್ಷರವೊಂದಕ್ಕೆ ಸಾಮಾನ್ಯವಾಗಿ ಆರು ಬಿಟ್‌ಗಳ ಜಾಗ. ಎಂಟು ಇರಲೇಬೇಕೆಂದು ಬ್ರೂಕ್ಸ್ ಪಟ್ಟುಹಿಡಿದರು. ತಮ್ಮ ತೀರ್ಮಾನಗಳಲ್ಲೆಲ್ಲ ಅದೇ ಮುಖ್ಯವಾದುದೆಂದು ಅವರ ಅಭಿಪ್ರಾಯ. ಇಂಗ್ಲಿಷಿನ ಸಣ್ಣಕ್ಷರಗಳಿಗೆ ಎಡೆಮಾಡಿಕೊಡಲೆಂದು ಆದ ಆ ಏರ್ಪಾಟು ನಮಗೂ ಒದಗಿತು: 1991ರಲ್ಲಿ ಭಾರತೀಯ ಲಿಪಿಗಳಿಗೆ ಇಸ್ಕಿ ಸಂಕೇತವನ್ನು ವಿಧಿಸಿದಾಗ, ಎಂಟು ಬಿಟ್‌ಗಳಿಂದ ದೊರೆಯುವ 256 ಸ್ಥಾನಗಳ ಮೇಲರ್ಧದಲ್ಲಿ ಕನ್ನಡದ ಅಕ್ಷರಗಳು ಬಂದು ಕುಳಿತವು.

ಯಂತ್ರ ಗೆದ್ದಿತು, ಅದನ್ನು ನಡೆಸತಕ್ಕ ಓಎಸ್/360 ಎಂಬ ತಂತ್ರಾಂಶ ಕಾಡಿತು. ಕೆಲಸ ಭರದಿಂದ ಸಾಗಿದ್ದಾಗ ಸಾವಿರಕ್ಕೂ ಮಿಕ್ಕ ಜನ ಅದರಲ್ಲಿ ತೊಡಗಿದ್ದರು. ಬ್ರೂಕ್ಸ್ ಸಂಸ್ಥೆಯನ್ನು ಬಿಡುವಾಗ ಅದರ ಮುಖ್ಯಸ್ಥರಾಗಿದ್ದ ಕಿರಿಯ ಥಾಮಸ್ ವಾಟ್ಸನ್, ಯಂತ್ರವನ್ನು ಕಟ್ಟಿಸುವುದಕ್ಕಿಂತ ತಂತ್ರಾಂಶವನ್ನು ಬರೆಯಿಸುವುದು ಇಷ್ಟು ಕಷ್ಟವೇಕೆಂದು ಕೇಳಿದರು. ಬೇರೊಬ್ಬರಾಗಿದ್ದರೆ ಕೈಕೆಳಗಿನವರ ನಾಲ್ಕು ಹೆಸರು ಹೇಳಿ ಪಾರಾಗುತ್ತಿದ್ದರು. ಇವರಾದರೋ ಸುಮಾರು ಹತ್ತು ವರ್ಷ ಯೋಚಿಸಿ, 1975ರಲ್ಲಿ ‘ದಿ ಮಿಥಿಕಲ್ ಮ್ಯಾನ್-ಮಂತ್’ ಎಂಬ ಪುಸ್ತಕವನ್ನು ಉತ್ತರವಾಗಿ ಕೊಟ್ಟರು. ತಡವಾಗಿರುವ ಕೆಲಸಕ್ಕೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂಬುದು ಅಲ್ಲಿಯ ಪ್ರಸಿದ್ಧ ಸಿದ್ಧಾಂತ. ಹೊಸಬರಿಗೆ ಕಲಿಸಬೇಕಾದವರು ದುಡಿಯುತ್ತಿರುವ ಹಳಬರೇ ಅಲ್ಲವೆ? ಅಲ್ಲದೆ ಹತ್ತು ಜನರಲ್ಲಿ ಪರಸ್ಪರ ಮಾತನಾಡಬೇಕಾದ ಜೋಡಿಗಳು 45. ಇಪ್ಪತ್ತು ಜನರಾದರೆ 190. ಈ ಸಿದ್ಧಾಂತವನ್ನು ಸಭೆಯಲ್ಲಿ ಗಂಭೀರವಾಗಿ ಉದ್ಧರಿಸಿ, ಮರುವಾರವೇ ಹತ್ತು ಹೊಸಬರನ್ನು ಕರೆತಂದ ಮೇಲಧಿಕಾರಿಗಳನ್ನು ನಾನು ಕಂಡಿದ್ದೇನೆ.

ಇಂಥವರ ಚರಿತ್ರೆಯನ್ನು ಬರೆಯುವವರು ಧರ್ಮಶ್ರದ್ಧೆಯನ್ನೂ ಸಂಸಾರವನ್ನೂ ಕೊನೆಯ ಸಾಲಿಗೆ ತಳ್ಳುವುದು ವಾಡಿಕೆ. ಬ್ರೂಕ್ಸರ ವಿಷಯದಲ್ಲಿ ಅದು ಸಲ್ಲದು. ಅವರು ನಿಷ್ಠಾವಂತ ಕ್ರೈಸ್ತರು. ಮುಂದೆ ತಾವು ಪಾಠ ಹೇಳಿದ ವಿಶ್ವವಿದ್ಯಾನಿಲಯದ ಕ್ರೈಸ್ತ ವಿದ್ಯಾರ್ಥಿಸಂಘಕ್ಕೆ ಮಾರ್ಗದರ್ಶಕರಾಗಿದ್ದವರು. ತಂತ್ರಾಂಶ ಬರೆಯುವವನಿಗೆ ದೊರೆಯುವ ಆನಂದವು ಸೃಷ್ಟಿಕರ್ತನ ಆನಂದದ ಪ್ರತಿಬಿಂಬವೇ ಇರಬೇಕೆಂದು ಅವರು ತಮ್ಮ ಗ್ರಂಥದ ಮೊದಲ ಅಧ್ಯಾಯದಲ್ಲಿಯೇ, ಯಾವ ಸಂಕೋಚವೂ ಇಲ್ಲದೆ ಬರೆದರು. ಒಂದು ತಂತ್ರಾಂಶಕ್ಕೆ ಆದ್ಯಂತ ಒಂದೇ ಮನಸ್ಸಿನ ರೂಪವಿರಬೇಕೆಂದು ಹೇಳಹೊರಟಾಗ ಅವರು ಕಾರ್ಖಾನೆಯ ಉದಾಹರಣೆಯನ್ನು ತೆಗೆದುಕೊಳ್ಳಲಿಲ್ಲ. ಫ್ರಾನ್ಸಿನ ರ್‍ಯಾನ್ಸ್ ನಗರದ ಮಹಾದೇವಾಲಯವನ್ನು ತೋರಿಸಿದರು. ಎಂಟು ತಲೆಮಾರುಗಳ ಶಿಲ್ಪಿಗಳು, ತಮ್ಮ ತಮ್ಮ ಚಾತುರ್ಯವನ್ನು ಮೆರೆಯಿಸುವ ಆಸೆಯನ್ನು ಬಿಟ್ಟು, ಮೊದಲಿಗನ ಕಲ್ಪನೆಗೆ ಅಧೀನರಾಗಿ ದುಡಿದುದರಿಂದ ಆ ಕಟ್ಟಡಕ್ಕೆ ಅಖಂಡತೆ ಬಂದಿತೆಂಬುದು ಅವರ ಭಾವ. ಅಹಂಕಾರವನ್ನು ಕಳೆದುಕೊಳ್ಳುವುದು ದೇವಾಲಯದೊಳಗೆ ಮಾತ್ರ ಸಲ್ಲುವ ಸಾಧನೆಯಲ್ಲ, ಕಚೇರಿಗೂ ಅವಶ್ಯವಾದುದು ಎಂಬ ತಿಳಿವಳಿಕೆ ನಿರ್ವಹಣಶಾಸ್ತ್ರದ ಪಾಠಗಳಿಂದ ಬರುವುದು ಕಷ್ಟ. ಅದು ಅವರಿಗೆ ಪ್ರಾರ್ಥನೆಯಿಂದ ಬಂದುದೆಂದೇ ನಾನು ನಂಬಿದ್ದೇನೆ.

ಕೀರ್ತಿಯ ಶಿಖರದಲ್ಲಿದ್ದಾಗಲೇ ಅವರು ಐಬಿಎಂ ಬಿಟ್ಟು ಚಾಪೆಲ್ ಹಿಲ್‌ನ ವಿಶ್ವವಿದ್ಯಾನಿಲಯದಲ್ಲಿ ಗಣಕವಿಜ್ಞಾನ ವಿಭಾಗವನ್ನು ಸ್ಥಾಪಿಸಿ, 20 ವರ್ಷ ಅದರ ಮುಖ್ಯಸ್ಥರಾಗಿದ್ದರು. 1999ರ ಟ್ಯೂರಿಂಗ್ ಪ್ರಶಸ್ತಿ ಅಲ್ಲಿಗೇ ಹುಡುಕಿಕೊಂಡು ಬಂದಿತು. ಮನೆ ಮತ್ತು ಕೆಲಸಗಳ ನಡುವೆ ಅವರು ಗೋಡೆ ಕಟ್ಟಿದವರಲ್ಲ: ಹಿರಿಯ ಮಗನಿಗೆ ಸಹೋದ್ಯೋಗಿ ಕೆನೆತ್ ಐವರ್ಸನ್ನರ ಹೆಸರನ್ನಿಟ್ಟರು, ಸಂಸಾರಕ್ಕಾಗಿ ಕಡಲತೀರದಲ್ಲಿ ಕಟ್ಟಿದ ಮನೆಗೆ ‘ವ್ಯೂ/360’ ಎಂದು ಹೆಸರಿಟ್ಟು, ವಿನ್ಯಾಸವನ್ನು ಕುರಿತ ತಮ್ಮ 2010ರ ಗ್ರಂಥದಲ್ಲಿ ಅದಕ್ಕೂ ಒಂದು ಅಧ್ಯಾಯವನ್ನು ಮೀಸಲಿಟ್ಟರು. ‘ದಿ ಮಿಥಿಕಲ್ ಮ್ಯಾನ್-ಮಂತ್’ ಪುಸ್ತಕವನ್ನು 1975ರಲ್ಲಿ ಐಬಿಎಂನ ಇಬ್ಬರು ಹಿರಿಯರಿಗೆ ಅರ್ಪಿಸಿದ್ದವರು, 1995ರ ಆವೃತ್ತಿಯನ್ನು ಪತ್ನಿ ನ್ಯಾನ್ಸಿಯವರಿಗೆ, ದೇವರು ಕೊಟ್ಟ ಕೊಡುಗೆಯೆಂದು ಕರೆದು ಅರ್ಪಿಸಿದರು.

ಆ ಪುಸ್ತಕ ದೊಡ್ಡದಲ್ಲ. ದೊಡ್ಡ ತಂಡಗಳನ್ನು ಆಳುವ ಮಹನೀಯರು, ಇನ್ನಷ್ಟು ಜನ ಬೇಕೆಂಬ ಕೋರಿಕೆಗೆ ಸಹಿ ಹಾಕುವ ಮುನ್ನ, ಅದರ ಎರಡನೆಯ ಅಧ್ಯಾಯವನ್ನು ಒಮ್ಮೆ ಓದಬೇಕೆಂದು ನನ್ನ ವಿಜ್ಞಾಪನೆ. ಅವರ ಕೈಕೆಳಗಿನವರು ಕತ್ತಲಾಗುವ ಮುನ್ನ ಮನೆ ಸೇರುವುದಕ್ಕೆ ಅದರಿಂದ ಅನುಕೂಲವಾದೀತು.