ನೆನೆಯುವುದೆಂದರೆ

ಪರೀಕ್ಷೆಯ ಮುಂಜಾನೆ ನರಗುಂದದ ಬಾಬಾಸಾಹೇಬರ ೧೮೫೮ರ ಬಂಡಾಯವನ್ನು ಗಡಬಡಿಸಿ ಬಾಯಿಪಾಠ ಮಾಡಿದೆ. ಉತ್ತರ ಬರೆಯುವಾಗ ಎಲ್ಲ ಮಾಯ! ರೋಣದ ನಮ್ಮ ಅಡಿಗೆಮನೆಯಲ್ಲಿ ಅಜ್ಜಿ ನಕ್ಕಳು: "ಕಡ್ಲಿ ರಾತ್ರಿಯಿಡೀ ನೆನೀಬೇಕಪಾ, ನೀ ಬರೇ ತೊಳದಿ."

ವಾಚಕ ಮಿತ್ರರೆ, ನಮ್ಮ 'ನೆನೆ' ಎಂಬ ಒಂದೇ ಮಾತು ಸ್ಮರಿಸುವುದಕ್ಕೂ ನೀರಿನಲ್ಲಿ ತೋಯುವುದಕ್ಕೂ ಸಲ್ಲುತ್ತದೆ. ಜಪಾನೀಯರು ಕಲಿತು ನೆನಪಿಡುವುದಕ್ಕೆ 'ಒಬೊಎರು' ಎನ್ನುತ್ತಾರೆ. ಮರೆತದ್ದನ್ನು ಮನಸ್ಸಿಗೆ ತಂದುಕೊಳ್ಳುವುದಕ್ಕೆ 'ಒಮೊಇದಸು'. ಈ ಎರಡನೆಯದೇ ಈಗ ನಮ್ಮ ಮನೆಯ ಪಾಠ: ಅಜ್ಜಿಗೆ ನನ್ನ ಹೆಸರೂ ಮರೆತಿದೆ.

ಗಜೇಂದ್ರಗಡದ ಕಾಲಕಾಲೇಶ್ವರನ ಜಾತ್ರೆಗೆ ಅವಳು ನನ್ನ ಕೈಹಿಡಿದು ಒಯ್ದದ್ದನ್ನು ದಿನಾಲು ಹೇಳುತ್ತೇನೆ. ಅವಳು ಸುಮ್ಮನೆ ಕೇಳುತ್ತಾಳೆ. ಕಡಲೆ ನೆನೆಯಲು ಹೊತ್ತು ಬೇಕಲ್ಲವೆ?