ಕೆಂಪು ಬಾವುಟ ಇಳಿಯುವ ಮುನ್ನ

ಕಳೆದ ತಿಂಗಳು ಬೆಂಗಳೂರಿನ ಮಗಳ ಮನೆಯಲ್ಲಿ ಎರಡು ವಾರ ಇದ್ದೆ. ನಿವೃತ್ತನಾದವನಿಗೆ ಮಕ್ಕಳ ಮನೆಯಲ್ಲಿ ಏನಾದರೊಂದು ಉದ್ಯೋಗ ಸಿಕ್ಕೇ ಸಿಗುತ್ತದೆ. ನನಗೆ ಸಿಕ್ಕಿದ್ದು ಹನ್ನೆರಡು ವರ್ಷದ ಮೊಮ್ಮಗಳನ್ನು ಸಂಜೆ ಶೂಟಿಂಗ್ ತರಗತಿಗೆ ಕರೆದೊಯ್ದು ಕರೆತರುವ ಕೆಲಸ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚಿನ ಪದಕ ಗೆದ್ದುದನ್ನು ಟಿ.ವಿ.ಯಲ್ಲಿ ನೋಡಿದಂದಿನಿಂದ ಅವಳಿಗೆ ಏರ್ ಪಿಸ್ತೂಲಿನ ಹಂಬಲ. ಭರತನಾಟ್ಯಕ್ಕೆ ಸೇರಿಸಬೇಕೆಂದಿದ್ದ ಅವಳಮ್ಮ ಕೊನೆಗೆ ಸೋತಳು.

ತರಗತಿ ನಡೆಯುವುದು ಒಂದು ಕಟ್ಟಡದ ನೆಲಮಾಳಿಗೆಯಲ್ಲಿ. ಹತ್ತು ಮೀಟರ್ ದೂರದಲ್ಲಿ ಗುರಿಹಲಗೆಗಳು, ಈಚೆ ಸಾಲಾಗಿ ಮೇಜುಗಳು, ಅವುಗಳ ಹಿಂದೆ ನಮ್ಮಂಥ ತಂದೆತಾಯಿ, ತಾತಂದಿರಿಗೆ ಕುರ್ಚಿಗಳು. ಮಕ್ಕಳೂ ದೊಡ್ಡವರೂ ಒಂದೇ ಸಾಲಿನಲ್ಲಿ ನಿಂತು ಅಭ್ಯಾಸ ಮಾಡುತ್ತಾರೆ. ಹಾರುವುದು ನಾಲ್ಕೂವರೆ ಮಿಲಿಮೀಟರಿನ ಸೀಸದ ಚೂರು. ಸದ್ದು ಪಟಾಕಿಯಷ್ಟೂ ಇಲ್ಲ. ಆ ಕಾರಣಕ್ಕೇ ಏನೋ, ಕೆಲವರಿಗೆ ಅದು ಆಟಿಕೆಯಂತೆ ಕಾಣುತ್ತದೆ.

ಎರಡನೆಯ ದಿನ ನಡೆದದ್ದು ಇದು. ಮೊಮ್ಮಗಳಿಂದ ಎರಡು ಮೇಜು ಆಚೆ ನಿಂತಿದ್ದ ಯುವಕನೊಬ್ಬ, ಹಿಂದೆ ಕುಳಿತ ಗೆಳೆಯ ಫೋಟೋ ತೆಗೆಯಲೆಂದು ಪಿಸ್ತೂಲನ್ನು ಹಿಡಿದುಕೊಂಡೇ ನಗುತ್ತ ತಿರುಗಿದ. ನಳಿಗೆ ಒಂದು ಕ್ಷಣ ಇಡೀ ಸಾಲನ್ನು ಸವರಿ ನಮ್ಮ ಕುರ್ಚಿಗಳ ಕಡೆ ಬಂದಿತು. ಕೋಚ್ "ಸ್ಟಾಪ್" ಎಂದು ಕೂಗಿದ ರಭಸಕ್ಕೆ ಎಲ್ಲರ ಕೈಗಳೂ ಕೆಳಗಿಳಿದವು. ನಮ್ಮ ಹುಡುಗಿ ಗುಂಡಿನ ಮನೆ ಖಾಲಿ ಮಾಡಿ, ನಳಿಗೆಯೊಳಗೆ ಕಿತ್ತಳೆ ಬಣ್ಣದ ಸುರಕ್ಷತಾ ದಾರವನ್ನು ತೂರಿಸಿ, ಪಿಸ್ತೂಲನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಯುವಕ ಮಾತ್ರ ಇನ್ನೂ ನಗುತ್ತಲೇ, "ಖಾಲಿ ಇದೆ ಸಾರ್, ಏನೂ ಹಾಕಿಲ್ಲ" ಎಂದ. ಕೋಚ್ ವಾದಿಸಲಿಲ್ಲ. ಪಿಸ್ತೂಲನ್ನು ಕೈಗೆ ತೆಗೆದುಕೊಂಡು, ಅವನನ್ನು ಅಂದಿನ ಮಟ್ಟಿಗೆ ಮನೆಗೆ ಕಳುಹಿಸಿದರು. ಅವನು ತಿಂಗಳ ಶುಲ್ಕದ ಮಾತೆತ್ತಿದ. ಅದಕ್ಕೂ ಉತ್ತರ ಬರಲಿಲ್ಲ.

ಮನೆಗೆ ಬರುವಾಗ ಆಟೋದಲ್ಲಿ ಮೊಮ್ಮಗಳು, "ತಾತ, ನೀವ್ಯಾಕೆ ಅಷ್ಟು ಬೆವರಿದ್ರಿ?" ಎಂದು ಕೇಳಿದಳು. ಸೆಕೆ ಎಂದೆ. ನೆಲಮಾಳಿಗೆಯಲ್ಲಿ ಎ.ಸಿ. ಇತ್ತು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿಗೆ ನಾನು ವಿಜ್ಞಾನದ ಮೇಷ್ಟ್ರಾಗಿಯಷ್ಟೇ ನೆನಪಿರಬಹುದು. ಎಂಬತ್ತರ ದಶಕದವರಿಗೆ ಮಾತ್ರ ಖಾಕಿ ತೊಟ್ಟ ಎನ್.ಸಿ.ಸಿ. ಮೇಷ್ಟ್ರು ಗೊತ್ತು. ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಮೂರನೆಯ ವರ್ಷ, 1984ರಲ್ಲಿ, ಮುಖ್ಯೋಪಾಧ್ಯಾಯರು ನನ್ನನ್ನು ನಾಗಪುರದ ಬಳಿಯ ಕಾಮ್ಠಿಗೆ ತರಬೇತಿಗೆ ಕಳುಹಿಸಿದರು. ಥರ್ಡ್ ಆಫೀಸರ್ ಎಂಬ ಬಿರುದಿನೊಂದಿಗೆ ಹಿಂದಿರುಗಿದೆ. ಮೂರನೆಯವನೆಂಬ ಅರ್ಥದ ಆ ಪದವಿ ಎನ್.ಸಿ.ಸಿ.ಯ ಶಾಲಾ ವಿಭಾಗದಲ್ಲಿ ಮೊದಲ ಮೆಟ್ಟಿಲು ಎಂಬುದು ಊರಿನವರಿಗೆ ತಿಳಿಯದು; ಯಾರೋ ದೊಡ್ಡ ಅಧಿಕಾರಿಯೆಂದೇ ಭಾವಿಸಿ ಹೋಟೆಲಿನಲ್ಲಿ ಕುರ್ಚಿ ಬಿಟ್ಟುಕೊಡುತ್ತಿದ್ದರು. ನಾನೂ ಕುಳಿತುಕೊಳ್ಳುತ್ತಿದ್ದೆ.

ನಮ್ಮ ಊರಿನ ಫೈರಿಂಗ್ ರೇಂಜ್ ಗುಡ್ಡವೊಂದರ ಬುಡದಲ್ಲಿತ್ತು. ಗುಡ್ಡವನ್ನು ಅರ್ಧ ಕಡಿದು ಎದುರಿಗೆ ಎತ್ತರದ ಮಣ್ಣಿನ ದಿಬ್ಬ ಮಾಡಿದ್ದರು. ಅದು ಯಾರೊಬ್ಬರ ಸ್ವತ್ತೂ ಅಲ್ಲ: ಪೊಲೀಸರು, ಗೃಹರಕ್ಷಕರು, ಒಂದು ಕಾಲೇಜು, ಮೂರು ಪ್ರೌಢಶಾಲೆಗಳು ಸರದಿಯ ಮೇಲೆ ಬಳಸುತ್ತಿದ್ದವು. ಎಲ್ಲರದ್ದೂ ಆದ ಜಾಗ ಯಾರದ್ದೂ ಅಲ್ಲವೆಂಬುದನ್ನು ಊರ ಕೆರೆಯ ಮೆಟ್ಟಿಲು ನೋಡಿ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಗುಂಡು ಹಾರಿಸುವ ಹೊತ್ತಿನಲ್ಲಿ ಕಂಬದ ಮೇಲೆ ಕೆಂಪು ಬಾವುಟ ಹಾರಬೇಕು, ಮುಗಿದೊಡನೆ ಇಳಿಯಬೇಕು ಎಂಬುದು ನಿಯಮ. ನಮಗಿಂತ ಮುಂಚಿನ ಸರದಿಯವರು ಬಾವುಟವನ್ನು ಇಳಿಸದೆಯೇ ಹೋಗುತ್ತಿದ್ದರು. ವಾರವಿಡೀ ಅದು ಮಳೆಬಿಸಿಲಿಗೆ ಹಾರಾಡುತ್ತಿತ್ತು. ಹೀಗಾಗಿ ದನ ಕಾಯುವವರಿಗೆ ಅದು ಬರಿಯ ಬಟ್ಟೆಯಾಯಿತು. ಮೀನಿನ ಬಲೆಗೆ ತೂಕ ಕಟ್ಟಲು ಸೀಸ ಬೇಕೆಂದು ದಿಬ್ಬವನ್ನು ಕೆದಕುವ ಹುಡುಗರು ಬಾವುಟದ ಕೆಳಗೇ ಕುಳಿತಿರುತ್ತಿದ್ದರು. .22 ರೈಫಲಿನ ಗುಂಡು ಅಡ್ಡಿಯಿಲ್ಲದಿದ್ದರೆ ಒಂದೂವರೆ ಕಿಲೋಮೀಟರಿನವರೆಗೂ ಹೋಗಬಲ್ಲದು. ನಾವು ಪ್ರತಿ ಸಲವೂ ನಾಲ್ಕು ಮಂದಿ ಕೆಡೆಟ್‌ಗಳನ್ನು ಗುಡ್ಡದ ಸುತ್ತ ಕಾವಲಿಟ್ಟು, ಅವರೆಲ್ಲ ಕೈಯೆತ್ತಿ ತೋರಿಸಿದ ಮೇಲೆಯೇ ಮೊದಲ ಗುಂಡನ್ನು ತುಂಬಿಸುತ್ತಿದ್ದೆವು.

ಹೀಗೆ ಅನ್ಯರ ಅಜಾಗರೂಕತೆಯನ್ನು ಟೀಕಿಸುವುದರಲ್ಲಿ ನಾನು ಬಹಳ ಮುಂದಿದ್ದೆ. ಎರಡು ಸಲ ಲಿಖಿತ ದೂರನ್ನೂ ಕೊಟ್ಟಿದ್ದೆ.

1987ರ ಡಿಸೆಂಬರ್ ತಿಂಗಳ ಒಂದು ಭಾನುವಾರ. ನಲವತ್ತು ಹುಡುಗರು, ಎಂಟು ಗುರಿಹಲಗೆ, ತಲೆಗೆ ಐದು ಗುಂಡು. ಎಂಟೆಂಟು ಹುಡುಗರ ಐದು ತಂಡ. ತಂಡಕ್ಕೆ 'ಡಿಟೇಲ್' ಎಂಬ ಹೆಸರು. ನಮ್ಮನ್ನು ಕರೆತರಬೇಕಿದ್ದ ಲಾರಿ ಒಂದು ಗಂಟೆ ತಡವಾಗಿತ್ತು. ಹನ್ನೊಂದಕ್ಕೆ ಜಾಗ ತೆರವು ಮಾಡಬೇಕು. ಆಮೇಲೆ ಬೇರೆಯವರ ಸರದಿ. ಬೆಟಾಲಿಯನ್ನಿನಿಂದ ಬಂದಿದ್ದ ಹವಾಲ್ದಾರರು ಉತ್ತರದವರು, ಮಿತಭಾಷಿ. ಗಡಿಯಾರವನ್ನು ಅವರು ಒಮ್ಮೆಯೂ ನೋಡಲಿಲ್ಲ. ನಾನು ಐದು ನಿಮಿಷಕ್ಕೊಮ್ಮೆ ನೋಡುತ್ತಿದ್ದೆ.

ಕ್ರಮವನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ಹುಡುಗರು ನೆಲದ ಮೇಲೆ ಬೋರಲು ಮಲಗುತ್ತಾರೆ. "ಭರ್" ಎಂದಾಗ ತುಂಬುತ್ತಾರೆ; ನಮ್ಮಲ್ಲಿದ್ದ ರೈಫಲಿಗೆ ಒಂದೊಂದೇ ಗುಂಡನ್ನು ಕೈಯಿಂದ ಇಡಬೇಕಿತ್ತು. ಐದೂ ಮುಗಿದ ಮೇಲೆ "ಖಾಲಿ ಕರ್". ಆಮೇಲೆ "ಜಾಂಚ್ ಶಸ್ತ್ರ್": ಬೋಲ್ಟ್ ತೆರೆದು ಹಿಡಿಯಬೇಕು, ಹವಾಲ್ದಾರರು ಒಂದನೆಯ ರೈಫಲಿನಿಂದ ಎಂಟನೆಯದರವರೆಗೆ ಪ್ರತಿಯೊಂದರೊಳಗೂ ಕಣ್ಣಿಟ್ಟು ನೋಡಬೇಕು. ರೈಫಲುಗಳನ್ನು ನೆಲದ ಮೇಲಿಟ್ಟು ಹುಡುಗರು ಎದ್ದು ಹಿಂದೆ ಸರಿಯಬೇಕು. ಅವರು ಸೀಟಿ ಊದಿದ ಬಳಿಕವೇ ಯಾರಾದರೂ ಗುರಿಹಲಗೆಯ ಕಡೆ ಹೆಜ್ಜೆ ಇಡುವುದು. ಅಧಿಕಾರಿಯಾಗಲಿ, ಕೆಡೆಟ್ಟಾಗಲಿ, ಇದಕ್ಕೆ ವಿನಾಯಿತಿ ಇಲ್ಲ. ಗುಂಡು ಹಾರದೇ ಉಳಿದರೆ ಅರ್ಧ ನಿಮಿಷ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು, ಕೈಯೆತ್ತಿ ಸುಮ್ಮನಿರಬೇಕು. ಇದನ್ನೆಲ್ಲ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆದು ಕಲಿಸಿದವನು ನಾನೇ.

ಮೂರನೆಯ ಡಿಟೇಲ್. ಸದ್ದು ನಿಂತಿತು. ಹವಾಲ್ದಾರರು ಎಡತುದಿಯಲ್ಲಿ ಬಗ್ಗಿ ಮೊದಲ ರೈಫಲನ್ನು ನೋಡತೊಡಗಿದ್ದರು. ಎಂಟೂ ನೋಡಲು ಇನ್ನು ಎಷ್ಟು ಹೊತ್ತೋ ಎನ್ನಿಸಿತು. ಹೊಸ ಕಾಗದಗಳನ್ನು ಹಿಡಿದಿದ್ದ ಇಬ್ಬರು ಹುಡುಗರಿಗೆ "ಬನ್ನಿ" ಎಂದು ಹೇಳಿ, ಬಲಬದಿಯಿಂದ ಗುರಿಹಲಗೆಗಳತ್ತ ನಡೆದೇಬಿಟ್ಟೆ. ಒಬ್ಬ ಒಂಬತ್ತನೆಯ ತರಗತಿಯವನು, ಇನ್ನೊಬ್ಬ ಎಂಟನೆಯದರವನು.

ಹದಿನೈದು ಹೆಜ್ಜೆ ಹೋಗಿರಬಹುದು. ಹಿಂದಿನಿಂದ ಒಂದು ಸದ್ದು. ಎದುರಿನ ದಿಬ್ಬದಲ್ಲಿ, ಎಂಟನೆಯ ತರಗತಿಯ ಆ ಹುಡುಗನ ತಲೆಯ ಮಟ್ಟಕ್ಕೇ, ಬೊಗಸೆಯಷ್ಟು ಕೆಮ್ಮಣ್ಣು ಎದ್ದು ಉದುರಿತು. ಅವನಿಗೂ ಆ ಮಣ್ಣಿಗೂ ಅಡ್ಡಲಾಗಿ ಇದ್ದ ಅಂತರ ಒಂದು ಮೊಳ. ಅವನು ತಿರುಗಿ ನನ್ನ ಮುಖ ನೋಡಿದ. ಏನಾಯಿತೆಂದು ಅವನಿಗೆ ಗೊತ್ತಾಗಿರಲಿಲ್ಲ.

ಏಳನೆಯ ರೈಫಲಿನಲ್ಲಿ ಕೊನೆಯ ಗುಂಡು ಹಾರಿರಲಿಲ್ಲ. ಹುಡುಗ ಕೈಯೆತ್ತಿದ್ದ, ಯಾರೂ ನೋಡಲಿಲ್ಲ. ನೋಡಬೇಕಾಗಿದ್ದವನು ನಾನು. ಗುಂಡು ಬಾಕಿ ಉಳಿಸಿಕೊಂಡರೆ ಬೈಗುಳ ಬೀಳುತ್ತದೆಂದು ಹೆದರಿ, ಹಿಂಬದಿಯ ಗುಬುಟನ್ನು ಕೈಯಿಂದ ಎಳೆದು ಮತ್ತೊಮ್ಮೆ ಕುದುರೆ ಒತ್ತಿದ್ದಾನೆ. .22ರ ತೋಟೆಯಲ್ಲಿ ಸಿಡಿಮದ್ದು ಇರುವುದು ಅಂಚಿನ ಸುತ್ತ. ಮೊದಲ ಪೆಟ್ಟು ಹಗುರಾಗಿ ಬಿದ್ದರೂ ಎರಡನೆಯ ಪೆಟ್ಟಿಗೆ ಸಿಡಿಯುವುದುಂಟು. ಕಣ್ಣು ಗುರಿಯ ಕಿಂಡಿಯಲ್ಲಿದ್ದವನಿಗೆ ಪಕ್ಕದಿಂದ ನಡೆದು ಬರುತ್ತಿದ್ದ ನಾವು ಕಾಣಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಬರೆಯುವುದು ಕಷ್ಟ. ಹಿಂದಿರುಗಿ ಬಂದು ಅವನನ್ನು ಎಬ್ಬಿಸಿ ನಿಲ್ಲಿಸಿ, ಮೂವತ್ತೊಂಬತ್ತು ಮಂದಿಯ ಎದುರಿಗೆ ಎರಡು ಕೆನ್ನೆಗೂ ಹೊಡೆದೆ. ಖಾಲಿ ರೈಫಲನ್ನು ತಲೆಯ ಮೇಲೆತ್ತಿ ಹಿಡಿದು ಮೈದಾನವನ್ನು ಸುತ್ತಿಸಿದೆ. ಆ ವರ್ಷದ ವಾರ್ಷಿಕ ಶಿಬಿರದ ಪಟ್ಟಿಯಿಂದ ಅವನ ಹೆಸರನ್ನು ಹೊಡೆದುಹಾಕಿದೆ. ಹುಡುಗ ಅಳಲಿಲ್ಲ. "ತಪ್ಪಾಯ್ತು ಸಾರ್" ಎಂದಷ್ಟೇ ಅಂದ. ಮುಂದಿನ ವರ್ಷ ಎನ್.ಸಿ.ಸಿ.ಗೆ ಹೆಸರು ಕೊಡಲಿಲ್ಲ.

ಹವಾಲ್ದಾರರು ಎಲ್ಲ ಮುಗಿದು, ಖಾಲಿ ತೋಟೆಗಳನ್ನು ಎಣಿಸಿ ಚೀಲ ಕಟ್ಟಿದ ಮೇಲೆ ನನ್ನನ್ನು ಲಾರಿಯ ಹಿಂದಕ್ಕೆ ಕರೆದರು. ಹುಡುಗ ಆಜ್ಞೆಯಿಲ್ಲದೆ ಕುದುರೆ ಒತ್ತಿದ್ದು ತಪ್ಪು; ಆದರೆ ಅವನ ನಳಿಗೆ ಎತ್ತ ಇರಬೇಕೋ ಅತ್ತಲೇ ಇತ್ತು, ಎಲ್ಲಿರಬೇಕೋ ಅಲ್ಲಿರದಿದ್ದವರು ತಾವು, ಸಾಬ್ ಎಂದರು, ತಮ್ಮ ಹಿಂದಿಯಲ್ಲಿ, ದನಿಯೇರಿಸದೆ. ಮೇಲಿನವರಿಗೆ ವರದಿ ಮಾಡುವರೇ ಎಂದು ಕೇಳಿದೆ. ಅವರು ಉತ್ತರಿಸಲಿಲ್ಲ. ವರದಿ ಹೋಗಲಿಲ್ಲ. ಹೋಗಿದ್ದರೆ ಒಳ್ಳೆಯದಿತ್ತೆಂದು ಈಗ ಅನ್ನಿಸುತ್ತದೆ, ಆಗ ಮಾತ್ರ ಆ ರಾತ್ರಿ ನೆಮ್ಮದಿಯಿಂದ ಉಂಡೆ.

ನಂತರ ಕೆಲವು ವರ್ಷಗಳಲ್ಲಿ, ಕೊಡಗಿನ ಸಹೋದ್ಯೋಗಿಯೊಬ್ಬರು ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ತಮ್ಮ ಮನೆಗೆ ಕರೆದೊಯ್ದಿದ್ದರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಮನೆಗೊಂದು ಕೋವಿಯಿರುವ ಸೀಮೆಯಲ್ಲಿ ಭಯವಾಗಬೇಕಿತ್ತು. ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆದಿತ್ತು, ಹೆಂಗಸರೂ ಹೊಡೆದರು. ಸರದಿ ಕಾಯುತ್ತಿದ್ದ ಹಿರಿಯರೊಬ್ಬರು ತಮ್ಮ ಜೋಡಿ ನಳಿಗೆಯ ಕೋವಿಯನ್ನು ನಡುವೆ ಮಡಚಿ ತೋಳಿಗೆ ಹಾಕಿಕೊಂಡು ನಿಂತಿದ್ದರು. ಎರಡೂ ನಳಿಗೆಗಳಲ್ಲಿ ಆಚೆಯ ಬೆಳಕು ಕಾಣುತ್ತಿತ್ತು. ಖಾಲಿ ಇದೆಯೆಂದು ಅವರು ಯಾರಿಗೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಮೊಮ್ಮಗಳ ಕಿತ್ತಳೆ ದಾರ ನೋಡಿದಾಗ ಆ ಬೆಳಕೇ ನೆನಪಾಯಿತು.

2019ರಲ್ಲಿ ಹಳೆಯ ವಿದ್ಯಾರ್ಥಿಗಳು ಗುರುವಂದನೆ ಏರ್ಪಡಿಸಿದ್ದರು. ನಿಮ್ಮಲ್ಲಿ ಅನೇಕರು ಅಲ್ಲಿದ್ದಿರಿ. ಏಳನೆಯ ರೈಫಲಿನ ಹುಡುಗನೂ ಬಂದಿದ್ದ. ತಲೆ ಅರ್ಧ ಬೆಳ್ಳಗಾಗಿತ್ತು, ಜೊತೆಯಲ್ಲಿ ಕಾಲೇಜು ಓದುವ ಮಗ. ಮೈಕು ಹಿಡಿದು, "ನಾನು ಎಂಥ ದಡ್ಡ ಅಂದ್ರೆ, ನಮ್ಮ ಮೇಷ್ಟ್ರನ್ನೇ ಹೊಡೆದುರುಳಿಸ್ತಿದ್ದೆ, ಅವತ್ತು ಅವರು ಕೊಟ್ಟ ಎರಡು ಏಟು ನನ್ನನ್ನು ಮನುಷ್ಯನನ್ನಾಗಿ ಮಾಡಿದವು" ಎಂದ. ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ಶಾಲು ಹೊದ್ದು ಕುಳಿತಿದ್ದ ನಾನೂ ನಕ್ಕೆ. ಅವನ ಮಗ ನನ್ನ ಕಾಲಿಗೆ ನಮಸ್ಕರಿಸಿದ. ಎದ್ದು ನಿಂತು ನಿಜ ಹೇಳಲು ಅದಕ್ಕಿಂತ ಒಳ್ಳೆಯ ಸಂದರ್ಭ ಬೇಕಿರಲಿಲ್ಲ. ಹೇಳಲಿಲ್ಲ.

ಅಪ್ಪಾ, ನೀನು ಇದನ್ನು ಓದುತ್ತೀಯೆಂದು ಬಲ್ಲೆ. ಅಂದು ಸೀಟಿ ಊದುವ ಮೊದಲೇ ಗುಂಡಿನ ಹಾದಿಗೆ ಎರಡು ಮಕ್ಕಳನ್ನು ಕರೆದುಕೊಂಡು ನಡೆದವನು ನಾನು. ನೀನು ಎತ್ತಿದ್ದ ಕೈಯನ್ನು ನೋಡದವನೂ ನಾನೇ. ಶಿಬಿರದ ಪಟ್ಟಿಯಲ್ಲಿ ಹೊಡೆದುಹಾಕಬೇಕಿದ್ದ ಹೆಸರು ನಿನ್ನದಾಗಿರಲಿಲ್ಲ. ಇದನ್ನು ನಿನ್ನ ಮಗನಿಗೂ ಓದಿ ಹೇಳು. ಈ ಭಾನುವಾರ ಬೆಳಗ್ಗೆ ಫೋನ್ ಮಾಡುತ್ತೇನೆ, ಮನೆಯಲ್ಲಿರು.