ಅರ್ಥ್ ಆಗದ ಲಾರಿ

ಗೀಸರ್ ಕೂರಿಸಲು ಬಂದ ಹುಡುಗ ಪ್ಲಗ್ಗಿಗೆ ಬಲ್ಬಿನ ಎರಡು ವೈರು ಚುಚ್ಚಿ ನೋಡಿ, "ಸಾರ್, ನಿಮಗೆ ಅರ್ಥ್ ಇಲ್ಲ" ಎಂದ. ಮೂವತ್ತು ವರ್ಷ ಮೇಷ್ಟ್ರಾಗಿದ್ದವನಿಗೆ ಹೇಳುವ ಮಾತೇ ಇದು! ಒಳಗಿದ್ದ ನನ್ನಾಕೆಗೆ ಇದರಲ್ಲಿ ಹೊಸ ಸಂಗತಿ ಏನೂ ಕಾಣಲಿಲ್ಲ. ನನಗೆ ಮಾತ್ರ ಆ ಬಲ್ಬು ನೋಡಿ ಅಪ್ಪನ ಲಾರಿ ನೆನಪಾಯಿತು.

ತಿಪಟೂರಿನಿಂದ ಮಂಗಳೂರಿಗೆ ಹೋಗಿ, ಬರುವಾಗ ಹೆಂಚು ತುಂಬಿಕೊಂಡು ಬರುತ್ತಿದ್ದ ಲಾರಿ. ಒಂದು ವರ್ಷ ಅದಕ್ಕೆ ವಿಚಿತ್ರ ರೋಗ ತಗುಲಿತು. ಗುಂಡ್ಯ ದಾಟಿ ಶಿರಾಡಿ ಘಾಟಿ ಏರುವಾಗ, ಅದೂ ತಿರುವಿನಲ್ಲೇ, ಹೆಡ್‌ಲೈಟ್ ಎರಡೂ ಮಂಕಾಗಿ ಆರಿಬಿಡುತ್ತಿದ್ದವು. ಅದೇ ಹೊತ್ತಿಗೆ ಯಾರೂ ಹಾಕದ ಇಂಡಿಕೇಟರು ಹಿಂದೆ ಸಣ್ಣಗೆ ಹೊತ್ತಿಕೊಂಡಿರುತ್ತದೆ ಎಂದು ಕ್ಲೀನರ್ ಆಣೆ ಇಟ್ಟು ಹೇಳುತ್ತಿದ್ದ. ಸಕಲೇಶಪುರ ದಾಟಿದರೆ ಎಲ್ಲ ಸರಿ. ಶೆಡ್ಡಿಗೆ ತಂದು ನಿಲ್ಲಿಸಿದರಂತೂ ಇನ್‌ಸ್ಪೆಕ್ಟರ್ ಬಂದ ದಿನದ ಶಾಲೆಯಷ್ಟು ಶಿಸ್ತು. ಅಪ್ಪ ಬಲ್ಬು ಬದಲಿಸಿದರು, ಫ್ಯೂಸ್, ಸ್ವಿಚ್ಚು, ಕೊನೆಗೆ ಬ್ಯಾಟರಿಯನ್ನೂ ಬದಲಿಸಿದರು. ಅಮ್ಮ ಬಂಪರಿಗೆ ನಿಂಬೆಹಣ್ಣು ಕಟ್ಟುತ್ತಲೇ ಇದ್ದಳು. ಖರ್ಚಿನ ದೃಷ್ಟಿಯಿಂದ ಅಮ್ಮನ ಚಿಕಿತ್ಸೆಯೇ ಮೇಲು.

ಕೊನೆಗೆ ಆಟೋ ಎಲೆಕ್ಟ್ರಿಷಿಯನ್ ಭಾಯಿ. ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ. ಬೀಡಿ ಹಚ್ಚಿ ಕೇಳಿದರು: "ಗೌಡ್ರೇ, ಬಿಸಿ ಆದಾಗ ಹೋಗುತ್ತಾ, ನೆನೆದಾಗ ಹೋಗುತ್ತಾ, ಕುಲುಕಿದಾಗ ಹೋಗುತ್ತಾ?"

ಅಪ್ಪ ಯೋಚಿಸಿ, "ತಿರುಚಿದಾಗ" ಎಂದರು.

"ಹಂಗಾದ್ರೆ ಅರ್ಥ್" ಎಂದರು ಭಾಯಿ. ನನಗೆ ಅರ್ಥವಾಗಲಿಲ್ಲ. ಎಲ್ಲ ಗಾಲಿಗೂ ರಬ್ಬರ್ ಚಪ್ಪಲಿ ಮೆಟ್ಟಿ ನಿಂತ ಲಾರಿಗೂ ಭೂಮಿಗೂ ಏನು ಸಂಬಂಧ?

ಸಂಬಂಧ ತಿಳಿಯಲು ಬಹಳ ವರ್ಷ ಹಿಡಿಯಿತು. ಅದು 1838ರ ಜರ್ಮನಿಯದು. ಮ್ಯೂನಿಕ್‌ನ ಪ್ರೊಫೆಸರ್ ಸ್ಟೈನ್‌ಹೈಲ್ ಎಂಬಾತನಿಗೆ ಟೆಲಿಗ್ರಾಫ್ ತಂತಿಯ ಖರ್ಚು ಉಳಿಸುವ ಆಸೆ. ನ್ಯೂರೆಂಬರ್ಗ್-ಫ್ಯೂರ್ತ್ ನಡುವೆ ಹೊಸ ರೈಲು ಹಾದಿ ಇತ್ತಲ್ಲ, ಅದರ ಎರಡು ಕಂಬಿಗಳನ್ನೇ ಹೋಗುವ ತಂತಿ, ಬರುವ ತಂತಿ ಮಾಡಿಕೊಳ್ಳಲು ಹೋದ. ಕಂಬಿಯಲ್ಲಿ ಬಿಟ್ಟ ಕರೆಂಟೆಲ್ಲ ನೆಲಕ್ಕೆ ಸೋರಿಹೋಯಿತು. ಬೇರೆಯವರಾದರೆ ಕಂಬಿಯನ್ನು ಬೈದು ಮನೆಗೆ ಹೋಗುತ್ತಿದ್ದರು. ಈ ಪುಣ್ಯಾತ್ಮ, ನೆಲ ಇಷ್ಟು ಸಲೀಸಾಗಿ ಕರೆಂಟು ಒಯ್ಯುವುದಾದರೆ ಬರುವ ತಂತಿಯ ಕೆಲಸವನ್ನು ಅದಕ್ಕೇ ಒಪ್ಪಿಸೋಣ ಎಂದ. ಅರ್ಧ ತಂತಿ ಉಳಿಯಿತು. ಆ ಉಳಿತಾಯವೇ ಲಾರಿಗೂ ಬಂತು. ದೀಪಕ್ಕೆ ಹೋಗುವುದು ಒಂದೇ ವೈರು, ಮರಳುವ ದಾರಿ ಚಾಸಿಯ ಕಬ್ಬಿಣ. ನೆಲವಿಲ್ಲದಿದ್ದರೂ ಹೆಸರು ಅರ್ಥ್ ಎಂದೇ ಉಳಿಯಿತು. ಆ ದಾರಿ ಮುಚ್ಚಿದರೆ ಕರೆಂಟು ಸುಮ್ಮನೆ ಕೂರುವುದಿಲ್ಲ, ಪಕ್ಕದ ಇಂಡಿಕೇಟರಿನೊಳಗೆ ನುಸುಳಿ, ಹಿಂದಿನ ದೀಪದ ಮೂಲಕವಾದರೂ ಸುತ್ತಿಕೊಂಡು ಮನೆ ಸೇರುತ್ತದೆ. ಕ್ಲೀನರ್ ಸುಳ್ಳು ಹೇಳಿರಲಿಲ್ಲ.

ಭಾಯಿ ಮಾಡಿದ್ದು ಇಷ್ಟೇ. ಹೆಂಚಿನ ಲೋಡು ಇಳಿಸಬೇಡಿ ಎಂದರು. ಮುಂದಿನ ಒಂದೇ ಗಾಲಿಯನ್ನು ಸೈಜುಗಲ್ಲಿನ ಮೇಲೆ ಹತ್ತಿಸಿದರು. ಚಾಸಿ ತಿರುಚಿಕೊಂಡಿತು, ದೀಪ ಆರಿತು. ಶಿರಾಡಿ ಘಾಟಿಯನ್ನೇ ಶೆಡ್ಡಿಗೆ ತರಿಸಿದ್ದರು! ಬ್ಯಾಟರಿಯ ಮೈನಸ್‌ನಿಂದ ಒಂದು ಉದ್ದ ವೈರು ಎಳೆದು ದೀಪದ ಅರ್ಥಿಗೆ ಮುಟ್ಟಿಸಿದರು, ಝಗ್ಗೆಂದು ಹೊತ್ತಿತು. ಬಂಪರಿನ ಹಿಂದೆ ಅರ್ಥ್ ವೈರನ್ನು ಚಾಸಿಗೆ ಬಿಗಿದ ಒಂದು ಬೋಲ್ಟು ಬಿಚ್ಚಿದರು. ಅದರ ಅಡಿಯಲ್ಲಿ ಫಳಫಳ ಹೊಳೆಯುವ ಕೆಂಪು ಬಣ್ಣ.

ಆಯುಧಪೂಜೆಗೆಂದು ಅಪ್ಪನೇ ಮುಂದೆ ನಿಂತು ಹೊಡೆಸಿದ್ದ ಬಣ್ಣ. ಪೇಂಟರ್ ವೈರು ಬಿಚ್ಚಿ, ಚಾಸಿಗೆ ಬಳಿದು, ಬಣ್ಣದ ಮೇಲೆಯೇ ಮತ್ತೆ ಬಿಗಿದಿದ್ದ. ಭಾಯಿ ಎಮರಿ ಪೇಪರಿನಿಂದ ಅಂಗೈಯಗಲ ಉಜ್ಜಿ ಕಬ್ಬಿಣ ಕಾಣಿಸಿದರು. ಬಣ್ಣ ಹೋಯಿತಲ್ಲ ಎಂದು ಅಪ್ಪನ ಮುಖ ಸಣ್ಣದಾಯಿತು.

ಗೀಸರ್ ಹುಡುಗನ ಜೊತೆ ಮೊನ್ನೆ ನಾನೂ ಕೆಳಗಿಳಿದು ಅಪಾರ್ಟ್‌ಮೆಂಟಿನ ಅರ್ಥ್ ಗುಂಡಿ ಹುಡುಕಿದೆ. ಅದರ ಪೈಪನ್ನು ನೆಲಮಟ್ಟಕ್ಕೆ ಕತ್ತರಿಸಿ, ಮೇಲೆ ಟೈಲ್ಸ್ ಹಾಸಿ, ನಾಲ್ಕು ಕ್ರೋಟನ್ ಕುಂಡ ಇಟ್ಟಿದ್ದಾರೆ. ಅಂಗಳ ಚೆನ್ನಾಗಿ ಕಾಣಲಿ ಎಂದು ಹೋದ ವರ್ಷದ ಸಭೆಯಲ್ಲಿ ಆ ಸಲಹೆ ಕೊಟ್ಟವನು ನಾನೇ.